ಮಳೆ ಹುಡುಕುವ ಪೆಟ್ಟಿಗೆ

ಅಡಿಕೆ ಕೊನೆ ಇಳಿಸುವ ದೋಟಿಯ ತುದಿಗೆ ತಾಮ್ರದ ತಂತಿ ಸಿಕ್ಕಿಸಿ, ಎರಡು ಮರಗಳ ನಡುವೆ ಎತ್ತಿ ಕಟ್ಟಿದಾಗ ನನಗೆ ಹನ್ನೊಂದು ವರ್ಷ. ಊರು ಚನ್ನಗಿರಿ, ಇಸವಿ ೧೯೭೯. ಮನೆ ಹಿಂದಿನ ತೋಟ ನಮ್ಮದಲ್ಲ, ಮನೆ ಬಾಡಿಗೆಗೆ ಕೊಟ್ಟ ಗೌಡರದ್ದು. ಅವರು ಕೆಳಗೆ ನಿಂತು ಮೇಲೆ ನೋಡಿದರು. "ಬಟ್ಟಿ ಒಣಗಾಕೋದಕ್ಕೆ ಅಷ್ಟು ಎತ್ತರ ಯಾಕಪ್ಪ?" ಅಂದರು. "ಬಟ್ಟೆಗಲ್ಲ ಗೌಡ್ರೆ, ಭದ್ರಾವತಿ ಹಿಡಿಯೋಕೆ" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಆದರೆ ತಂತಿ ಬಿಚ್ಚು ಅನ್ನಲಿಲ್ಲ. ಹೋಗುವಾಗ, "ಕೊನೆಗಾರ ಮರ ಹತ್ತಿದಾಗ ಕುತ್ತಿಗಿಗೆ ಸಿಗದಂಗೆ ನೋಡ್ಕೊ" ಅಂತ ಮಾತ್ರ ಹೇಳಿದರು. ಹುಡುಗನೊಬ್ಬ ಏನೋ ಮಾಡುತ್ತಿದ್ದಾನೆ, ಏನು ಅಂತ ತಿಳಿಯದಿದ್ದರೂ ಮಾಡಲಿ ಅಂದುಕೊಳ್ಳುವ ಹಿರಿಯರು ನನಗೆ ಹೋದ ಊರಲ್ಲೆಲ್ಲ ಸಿಕ್ಕರು. ಅವರು ಸಿಗದಿದ್ದರೆ ಈ ಪ್ರಬಂಧದಲ್ಲಿ ಬರೆಯಲು ನನಗೆ ಒಂದು ಸಾಲೂ ಇರುತ್ತಿರಲಿಲ್ಲ.

ಅಪ್ಪ ಲೈನ್‌ಮನ್. ಬಲ ಮುಂಗೈ ಮೇಲೆ ಅಂಗೈಯಗಲದ ಬಿಳಿ ಕಲೆ ಇತ್ತು. ಏನಾಗಿದ್ದು ಅಂತ ಕೇಳಿದರೆ "ಅವಸರ ಮಾಡಿದ್ದೆ" ಅನ್ನುತ್ತಿದ್ದ, ಅಷ್ಟೇ. ಅವನಿಗೆ ವರ್ಗವಾದಂತೆಲ್ಲ ನಾವು ಗಂಟುಮೂಟೆ ಕಟ್ಟಿದೆವು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಕೊನೆಗೆ ಜಗಳೂರು. ಮೊದಲ ಮೂರು ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿ. ದಾವಣಗೆರೆ ಜಿಲ್ಲೆ ಹುಟ್ಟಿ ಇವೆಲ್ಲ ಒಂದೇ ಮನೆಯವಾದದ್ದು ೧೯೯೭ರ ಆಗಸ್ಟ್ ೧೫ರಂದು. ನಮ್ಮ ಮನೆಯಲ್ಲಿ ಮಾತ್ರ ಅವು ಅದಕ್ಕೂ ಮೊದಲೇ ಒಂದಾಗಿದ್ದವು.

ನನ್ನ ಹುಚ್ಚು ಗೊತ್ತಾದಾಗ ಅಪ್ಪ ಬೈಯಲಿಲ್ಲ, ಗಡಿ ಹಾಕಿದ. "ಗೋಡಿಯೊಳಗಿನ ಕರೆಂಟು ನಂದು. ಶೆಲ್ಲಿನ ಕರೆಂಟು ನಿಂದು." ಅವತ್ತಿನಿಂದ ನಾನು ಮಾಡಿದ್ದೆಲ್ಲ ಒಂದೂವರೆ ವೋಲ್ಟಿನ ಟಾರ್ಚು ಶೆಲ್ಲುಗಳ ರಾಜ್ಯದೊಳಗೇ. ಆ ರಾಜ್ಯ ಎಷ್ಟು ದೊಡ್ಡದು ಅಂತ ಅಪ್ಪನಿಗೂ ಅಂದಾಜಿರಲಿಲ್ಲ, ನನಗೂ ಇರಲಿಲ್ಲ.

ಚನ್ನಗಿರಿಯ ತೋಟದಲ್ಲಿ ತಂತಿ ಕಟ್ಟಿದ್ದು ಒಂದು ರೇಡಿಯೋಗೆ, ಭದ್ರಾವತಿ ಆಕಾಶವಾಣಿ ಹಿಡಿಯಲು. ಅದಕ್ಕೆ ಶೆಲ್ಲೂ ಬೇಕಿರಲಿಲ್ಲ. ಬೇಕಾದ ಮೊದಲ ಸಾಮಾನು ಎನಾಮೆಲ್ ಬಳಿದ ತಾಮ್ರದ ತಂತಿ. ಅದಕ್ಕೆ ಆ ಸೀಮೆಯಲ್ಲಿ ಬರವಿಲ್ಲ. ಬೇಸಿಗೆಯಲ್ಲಿ ವೋಲ್ಟೇಜು ಕುಸಿದು ತೋಟದ ಪಂಪ್‌ಸೆಟ್ಟುಗಳು ಸುಡುತ್ತವೆ, ಮೋಟಾರ್ ವೈಂಡಿಂಗ್ ಅಂಗಡಿಗಳಿಗೆ ಬಿಡುವಿಲ್ಲದ ಕೆಲಸ. ಅಂಗಡಿಯವರು ಉಳಿದ ತುಂಡು ತಂತಿಗಳನ್ನು ಸುತ್ತಿ ಮೂಲೆಗೆ ಎಸೆದಿರುತ್ತಿದ್ದರು. ಅದರಲ್ಲಿ ೨೬ನೇ ಗೇಜಿನದು ಆರಿಸಿ, ಜವಳಿ ಅಂಗಡಿಯಿಂದ ತಂದ ಎರಡು ಇಂಚಿನ ರಟ್ಟಿನ ಕೊಳವೆಗೆ ೮೦ ಸುತ್ತು. ಒಂದರ ಪಕ್ಕ ಒಂದು, ನಡುವೆ ಎಳೆ ಬಿಡದಂತೆ. ಐವತ್ತರಲ್ಲಿ ಲೆಕ್ಕ ತಪ್ಪಿದರೆ ಬಿಚ್ಚಿ ಮತ್ತೆ ಒಂದರಿಂದ. ಎಷ್ಟೋ ಸಲ ತಪ್ಪಿತು. ಅಕ್ಕಿ ಆರಿಸುತ್ತ ಕೂತ ಅವ್ವ ನನ್ನ ಜೊತೆ ಎಣಿಸತೊಡಗಿದ ಮೇಲೆ ಸರಿಯಾಯಿತು. ಹಾಳು ರೇಡಿಯೋದ ಗ್ಯಾಂಗ್ ಕಂಡೆನ್ಸರು ಒಂದು, ಎರಡು ಸಾವಿರ ಓಮಿನ ಹಳೇ ಕರಿ ಹೆಡ್‌ಫೋನು ಒಂದು, ರೇಡಿಯೋ ರಿಪೇರಿ ಅಂಗಡಿಯ ಸಾಬರು ಕೊಟ್ಟದ್ದು. ಆಮೇಲೆ ಬಾವಿಯ ಕಬ್ಬಿಣದ ಪೈಪಿಗೆ ಅರ್ಥಿಂಗು. ಉಳಿದದ್ದು ಡಯೋಡು.

ಡಯೋಡಿನಲ್ಲೇ ನಾನು ನಾಲ್ಕು ದಿನ ಕಳೆದೆ. ಕೈಗೆ ಸಿಕ್ಕ ಬಿವೈ ೧೨೭ ಹಾಕಿದ್ದೆ. ದಪ್ಪ, ಗಟ್ಟಿ, ನೋಡಿದರೆ ನಂಬಿಕೆ ಬರುವಂಥದ್ದು. ಹೆಡ್‌ಫೋನು ಪಿಟ್ಟೆನ್ನಲಿಲ್ಲ. ಎಲ್ಲ ಬಿಚ್ಚಿ, ಎಲ್ಲ ಕಟ್ಟಿ, ಕೊನೆಗೆ ಇಡೀ ಸಾಮಾನನ್ನು ಚೀಲಕ್ಕೆ ತುಂಬಿಕೊಂಡು ಸಾಬರ ಮುಂದೆ ಸುರಿದೆ. ಅವರು ಕನ್ನಡಕ ಏರಿಸಿ ನೋಡಿದರು. "ಇದು ಹುಲಿ ಹಿಡಿಯೋ ಬೋನು ಬೇಟಾ. ನೀನು ಹಿಡೀಬೇಕಾಗಿರೋದು ಗುಬ್ಬಿ" ಅಂದರು. ಡ್ರಾಯರಿನಿಂದ ಗೋಧಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಗಾಜಿನ ತುಣುಕೊಂದನ್ನು ತೆಗೆದು ಕೈಗಿಟ್ಟರು. ಓಎ ೭೯, ಜರ್ಮೇನಿಯಂ ಡಯೋಡು. ಸಿಲಿಕಾನ್ ಡಯೋಡಿನ ಬಾಗಿಲು ತೆರೆಯಲು ೦.೬ ವೋಲ್ಟಿನಷ್ಟು ತಳ್ಳು ಬೇಕು, ಜರ್ಮೇನಿಯಮ್ಮಿಗೆ ೦.೨ ಸಾಕು. ಗಾಳಿಯಿಂದ ತಂತಿಗೆ ಇಳಿಯುವ ಶಕ್ತಿ ಅಷ್ಟೇ ಸಣ್ಣದು, ಗುಬ್ಬಿಯದೇ. ಇದೆಲ್ಲ ನನಗೆ ತಿಳಿದದ್ದು ವರ್ಷಗಳ ಮೇಲೆ. ಸಾಬರ ಮಾತಿನಲ್ಲಿ ಅಷ್ಟೂ ಇತ್ತು.

ಆ ಸಂಜೆ ಕಂಡೆನ್ಸರನ್ನು ಕೂದಲೆಳೆಯಷ್ಟು ತಿರುಗಿಸುತ್ತ ಬಂದೆ. ಮೊದಲು ಏನೂ ಇಲ್ಲ. ಆಮೇಲೆ ದೂರದ ಕೋಣೆಯಲ್ಲಿ ಯಾರೋ ಮಾತಾಡಿದ ಹಾಗೆ. ಇನ್ನೊಂದು ಎಳೆ ತಿರುಗಿಸಿದೆ, ಆ ಮನುಷ್ಯ ಎದ್ದು ನನ್ನ ಕೋಣೆಗೇ ಬಂದ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೇಗೆ ಕಲಸಬೇಕು ಅಂತ ಹೇಳುತ್ತಿದ್ದ. ಅದಕ್ಕಿಂತ ಸುಂದರವಾದ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅಪ್ಪ ಕೆಲಸ ಮುಗಿಸಿ ಬಂದವನು ಹಲಗೆಯನ್ನು ಹಿಂದೆ ಮುಂದೆ ತಿರುಗಿಸಿದ. "ಶೆಲ್ಲು ಎಲ್ಲಿ?" "ಶೆಲ್ಲಿಲ್ಲ." "ಮತ್ತೆ ಕರೆಂಟು?" "ಭದ್ರಾವತಿಯಿಂದಾನೇ ಬರುತ್ತೆ." ಅವನು ಹೆಡ್‌ಫೋನು ಕಿವಿಗಿಟ್ಟುಕೊಂಡು ಕೂತ. ಕಂಬದಿಂದ ಕಂಬಕ್ಕೆ ತಂತಿ ಎಳೆಯುವುದನ್ನೇ ಬದುಕು ಮಾಡಿಕೊಂಡವನು, ತಂತಿ ಇಲ್ಲದೆ ಬಂದದ್ದನ್ನು ಕೇಳುತ್ತ ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ತಾನೇ ಏಣಿ ತಂದು ನನ್ನ ಏರಿಯಲ್ಲನ್ನು ಬಿಗಿಯಾಗಿ ಎಳೆದು, ಎರಡೂ ತುದಿಗೆ ಪಿಂಗಾಣಿ ಬಟ್ಟಲು ಕಟ್ಟಿಕೊಟ್ಟ. ಜೊತೆಗೆ ಒಂದು ಷರತ್ತು: ಮೋಡ ಕಂಡರೆ ತಂತಿಯನ್ನು ಮನೆಯಿಂದ ಬಿಡಿಸಿ ಹೊರಗೆ ಅರ್ಥಿಂಗಿಗೆ ಕೊಟ್ಟು ಬರಬೇಕು.

ಭದ್ರಾವತಿ ಆಕಾಶವಾಣಿಯ ಮಧ್ಯಮ ತರಂಗ ೬೭೫ ಕಿಲೋಹರ್ಟ್ಸ್. ಬೆಳಕಿನ ವೇಗವನ್ನು ಅದರಿಂದ ಭಾಗಿಸಿದರೆ ಅಲೆಯ ಉದ್ದ ೪೪೪ ಮೀಟರು. ಅಂಥ ಅಲೆಗಳು, ಸೆಕೆಂಡಿಗೆ ಆರು ಲಕ್ಷ ಎಪ್ಪತ್ತೈದು ಸಾವಿರದ ಲೆಕ್ಕದಲ್ಲಿ, ಗೌಡರ ತೋಟದ ಮೇಲೆ ಹಾದುಹೋಗುತ್ತಲೇ ಇದ್ದವು. ನಾನು ಹುಟ್ಟುವ ಮೊದಲೂ ಹೋಗುತ್ತಿದ್ದವು. ನಾನು ಮಾಡಿದ್ದು ಇಷ್ಟೇ, ಒಂದು ತಂತಿ ಒಡ್ಡಿದೆ. ಅಂಗಡಿಯಿಂದ ತಂದ ರೇಡಿಯೋ ಹಾಡಿದರೆ ಹಾಡು ಕೇಳುತ್ತೇವೆ. ಕೈಯಾರೆ ಸುತ್ತಿದ ಸುರುಳಿ ಪಿಸುಗುಟ್ಟಿದರೆ, ಹಾಡಿಗೂ ಮೊದಲು, ಹೊರಗೊಂದು ಲೋಕವಿದೆ, ಕೇಳಿದರೆ ಅದು ಓಗೊಡುತ್ತದೆ ಅನ್ನುವುದು ಕೇಳಿಸುತ್ತದೆ. ಮನೆಯಲ್ಲೇ ಮಾಡಿ ನೋಡುವ ವಿಜ್ಞಾನದಲ್ಲಿ ನನಗೆ ಸಿಕ್ಕ ಸುಖ ಇದು. ಮುಂದೆ ಮಾಡಿದ್ದೆಲ್ಲ ಇದರ ಬೇರೆ ಬೇರೆ ರೂಪ.

ಕಲ್ಲಿನ ಹರಳು ರೇಡಿಯೋ ಅಲೆ ಹಿಡಿಯುತ್ತದೆ ಅಂತ ಕಂಡು ಹಕ್ಕುಪತ್ರ ಬರೆಸಿದವರು ನಮ್ಮ ಜಗದೀಶಚಂದ್ರ ಬೋಸರು. ೧೯೦೧ರಲ್ಲಿ ಅರ್ಜಿ, ೧೯೦೪ರಲ್ಲಿ ಮಂಜೂರು. ಹರಳು ಗೆಲೀನಾ, ಸೀಸದ ಅದಿರು. ಓಎ ೭೯ ಆ ಹರಳಿನ ವಂಶದ್ದೇ. ಇನ್ನು ಆಕಾಶವಾಣಿ ಅನ್ನುವ ಹೆಸರು ಕೂಡ ಸರ್ಕಾರಿ ಕಚೇರಿಯಲ್ಲಿ ಹುಟ್ಟಿದ್ದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಪ್ರಸಾರ ಶುರು ಮಾಡಿದ ನಿಲಯದ ಹೆಸರು ಅದು. ಪ್ರೇಷಕದ ಶಕ್ತಿ ೩೦ ವಾಟ್. ಬಚ್ಚಲಮನೆಗೆ ಹಾಕುತ್ತಿದ್ದ ೪೦ ವಾಟಿನ ಬಲ್ಬಿಗಿಂತ ಕಡಿಮೆ. ಮನಶ್ಶಾಸ್ತ್ರದ ಮೇಷ್ಟ್ರಿಗೆ ರೇಡಿಯೋ ಯಾಕೆ ಅಂತ ಯಾರಾದರೂ ಕೇಳಿರಬಹುದು. ಹವ್ಯಾಸಕ್ಕೆ ಯಾಕೆ ಅನ್ನುವ ಪ್ರಶ್ನೆ ಹೊರಗಿನವರದು. ಒಳಗಿದ್ದವನಿಗೆ ಅದು ಹೊಳೆಯುವುದೇ ಇಲ್ಲ.

ಬೋರ್ಡೋ ದ್ರಾವಣದಿಂದ ನನಗೆ ಇನ್ನೊಂದು ದಾರಿ ತೆರೆಯಿತು. ಅದಕ್ಕೆ ಬೇಕಾದದ್ದು ಸುಣ್ಣ ಮತ್ತು ಮೈಲುತುತ್ತ. ಅಡಿಕೆ ತೋಟದವರ ಮನೆಯಲ್ಲಿ ಮೈಲುತುತ್ತಕ್ಕೆ ಕೊರತೆಯಿಲ್ಲ. ಆ ನೀಲಿ ಹರಳನ್ನು ನೀರಿಗೆ ಹಾಕಿ ಕಬ್ಬಿಣದ ಮೊಳೆ ಅದ್ದಿದರೆ ಕಣ್ಣೆದುರೇ ಮೊಳೆ ಕೆಂಪಗಾಗುತ್ತದೆ; ಕಬ್ಬಿಣ ಕರಗಿ ಹೋಗಿ ತಾಮ್ರ ಬಂದು ಕೂರುತ್ತದೆ. ಅದನ್ನು ಹತ್ತು ಸಲ ನೋಡಿದ ಮೇಲೆ ಡೇನಿಯಲ್ ಕೋಶ ಕಟ್ಟಿದೆ. ಹೊರಗೆ ಮೈಲುತುತ್ತದ ನೀರು ಮತ್ತು ತಾಮ್ರದ ತಗಡು, ಒಳಗೆ ಕುಂಬಾರರ ಸಣ್ಣ ಮಣ್ಣಿನ ಕುಡಿಕೆ, ಕುಡಿಕೆಯಲ್ಲಿ ಉಪ್ಪುನೀರು, ಅದರಲ್ಲಿ ಖಾಲಿಯಾದ ಟಾರ್ಚು ಶೆಲ್ಲಿನ ಸತುವಿನ ಚಿಪ್ಪು. ಮಣ್ಣಿನ ಕುಡಿಕೆ ಎರಡು ನೀರನ್ನೂ ಬೆರೆಯಗೊಡದೆ ವಿದ್ಯುತ್ತನ್ನು ಮಾತ್ರ ಹಾಯಗೊಡುತ್ತದೆ. ೧೮೩೬ರಲ್ಲಿ ಲಂಡನ್ನಿನ ಡೇನಿಯಲ್ ಕಟ್ಟಿದ್ದೂ ಇಂಥದ್ದೇ. ಒಂದು ಕೋಶಕ್ಕೆ ೧.೧ ವೋಲ್ಟು. ಮೂರು ಸಾಲಾಗಿ ಜೋಡಿಸಿದಾಗ ಟಾರ್ಚಿನ ಬಲ್ಬು ಕೆಂಡದ ಹಾಗೆ ಕೆಂಪಗೆ ನಿಂತಿತು. ಅಪ್ಪ ಹೇಳಿದ ಗಡಿಯೊಳಗೆ ನಿಂತು ನಾನೇ ಶೆಲ್ಲು ಮಾಡಿದ್ದೆ. ಮೈಲುತುತ್ತ ವಿಷ ಅಂತ ಅವ್ವ ಆ ಪಾತ್ರೆಗಳಿಗೆ ಕೆಂಪು ದಾರ ಕಟ್ಟಿ ಅಡುಗೆಮನೆಯಿಂದ ದೂರ, ಹಿತ್ತಲ ಗೂಡಿನಲ್ಲಿ ಇಡಿಸಿದಳು. ಪ್ರಯೋಗಶಾಲೆಯಲ್ಲಿ ಸಾಮಾನು ಬೇರೆ ಇಡಬೇಕೆನ್ನುವ ಶಿಸ್ತು ನನಗೆ ಬಂದದ್ದು ಅವಳಿಂದ.

ಹೊನ್ನಾಳಿಯಲ್ಲಿ ತುಂಗಭದ್ರೆ ಇದ್ದಳು. ಮಳೆಗಾಲದಲ್ಲಿ ಕೆಂಪಗೆ ಉಬ್ಬಿ ಬರುವ ಹೊಳೆಯನ್ನು ನೋಡಲು ಊರೇ ದಂಡೆಗೆ ಹೋಗುತ್ತಿತ್ತು. ಮನೆಯ ನಲ್ಲಿಗೆ ಮಾತ್ರ ನೀರು ನಡುರಾತ್ರಿ ಯಾವಾಗಲೋ ಬರುತ್ತಿತ್ತು, ಅವ್ವ ನಿದ್ದೆಗೆಟ್ಟು ಕಾಯುತ್ತಿದ್ದಳು. ನಲ್ಲಿಯ ಕೆಳಗಿನ ಬಕೆಟ್ಟಿಗೆ ಎರಡು ತಂತಿ ಇಳಿಬಿಟ್ಟೆ, ಬಿಸಿ ೧೪೮ ಟ್ರಾನ್ಸಿಸ್ಟರು ಒಂದು, ರೆಸಿಸ್ಟರು ಒಂದು, ಎರಡು ಶೆಲ್ಲು, ಒಂದು ಸಣ್ಣ ಬಜರು. ನೀರು ಎರಡು ತಂತಿಯನ್ನೂ ಮುಟ್ಟಿದರೆ ಅದರ ಮೂಲಕ ಹರಿಯುವ ವಿದ್ಯುತ್ತು ಇರುವೆಯಷ್ಟು. ಟ್ರಾನ್ಸಿಸ್ಟರು ಅದನ್ನು ನೂರು ಪಟ್ಟಿಗೂ ಮೇಲೆ ಹಿಗ್ಗಿಸಿ ಬಜರನ್ನು ಕೂಗಿಸುತ್ತದೆ. ಮೊದಲ ರಾತ್ರಿ ಅದು ಕೂಗಿದಾಗ ಮನೆ ಮಂದಿಯೆಲ್ಲ ಎದ್ದು ಕೂತೆವು. ಬಕೆಟ್ಟಿನ ತಳದಲ್ಲಿ ಎರಡು ಬೆರಳು ನೀರು. ಅವ್ವ ಅಂದು ಬೆಳಿಗ್ಗೆ ಓಣಿಯಲ್ಲಿ ಹೇಳಿಕೊಂಡು ಬಂದಳು. ಆ ತಿಂಗಳಲ್ಲಿ ಅಂಥವು ಏಳು ಮಾಡಿದೆ. ದುಡ್ಡು ತಗೊಳ್ಳಬೇಡ ಅಂತ ಅಪ್ಪ, ಬರೀ ಕೈಯಲ್ಲಿ ಕಳಿಸಬಾರದು ಅಂತ ಓಣಿಯವರು. ಹಾಗಾಗಿ ನನಗೆ ಏಳು ಮನೆಯ ಮಂಡಕ್ಕಿ, ಉಂಡೆ, ಚಕ್ಕುಲಿ ಸಿಕ್ಕವು.

ಏಳನೆಯ ಮನೆಯಲ್ಲಿ ನನ್ನ ವಾರಿಗೆಯ ಹುಡುಗನಿದ್ದ. ಅವನಿಗೂ ಇದೇ ಹುಚ್ಚು ಅಂಟಿತು. ಹಳೇ ಸ್ಪೀಕರು ಎರಡು ಇದ್ದವು ನಮ್ಮ ಹತ್ತಿರ. ಅವುಗಳ ನಡುವೆ ಎರಡೆಳೆ ತಂತಿಯನ್ನು ಓಣಿಗಡ್ಡ ಎಳೆದೆವು. ಅವನು ತನ್ನ ಸ್ಪೀಕರಿಗೆ ಬಾಯಿಟ್ಟು ಕೂಗಿದ, ನಾನು ನನ್ನದಕ್ಕೆ ಕಿವಿಯಿಟ್ಟೆ. ಶೆಲ್ಲಿಲ್ಲ, ಟ್ರಾನ್ಸಿಸ್ಟರಿಲ್ಲ. ಆದರೂ ಅವನ ದನಿ ಬಂತು, ಸೊಳ್ಳೆಯಷ್ಟು ಸಣ್ಣಗೆ. ದನಿ ಕಾಗದವನ್ನು ಅಲುಗಿಸುತ್ತದೆ, ಕಾಗದ ಸುರುಳಿಯನ್ನು, ಅಯಸ್ಕಾಂತದೊಳಗೆ ಅಲುಗಿದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ, ಆ ತುದಿಯಲ್ಲಿ ಎಲ್ಲವೂ ತಿರುಗುಮುರುಗು. ಗ್ರಹಾಂ ಬೆಲ್ಲನ ಮೊದಮೊದಲ ಕೆಲವು ಟೆಲಿಫೋನುಗಳೂ ಬ್ಯಾಟರಿ ಇಲ್ಲದೆ ಹೀಗೇ ಮಾತಾಡಿದ್ದವು. ನಾವು ಆ ತಂತಿಯಲ್ಲಿ ಲೆಕ್ಕದ ಉತ್ತರಗಳನ್ನೂ ಹೇಳಿಕೊಂಡೆವು. ಎರಡು ವರ್ಷಕ್ಕೆ ಅಪ್ಪನಿಗೆ ನ್ಯಾಮತಿಗೆ ವರ್ಗ. ತಂತಿ ಬಿಚ್ಚುವ ದಿನ ಇಬ್ಬರೂ ಅತ್ತೆವು.

ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನದೇ ಪೇಟೆ, ತಾಲ್ಲೂಕಾದದ್ದು ಇತ್ತೀಚೆಗೆ. ಅಲ್ಲಿ ನನ್ನ ಗುರು ಮೈಕ್‌ಸೆಟ್ಟಿನ ಮಾಮ. ಸಣ್ಣ ಊರುಗಳಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿದವರು ಮೈಕ್‌ಸೆಟ್ಟಿನವರು ಮತ್ತು ರೇಡಿಯೋ ರಿಪೇರಿಯವರು. ಇದನ್ನು ಯಾರೂ ಎಲ್ಲೂ ಬರೆದಿಡಲಿಲ್ಲ ಅನ್ನುವ ಕೊರಗು ನನಗಿದೆ. ತೀರ್ಥರಾಮೇಶ್ವರದ ಜಾತ್ರೆ, ಮದುವೆ, ನಾಟಕ, ಎಲ್ಲಕ್ಕೂ ಮಾಮನ ಅಹುಜಾ ಆಂಪ್ಲಿಫೈಯರೇ. ಬೆಸುಗೆ ಕಲಿತದ್ದು ಅವರ ಅಂಗಡಿಯಲ್ಲಿ. ಕರೆಂಟಿನ ಬೆಸುಗೆ ಕಡ್ಡಿಗೆ ಅಪ್ಪನ ಗಡಿ ಅಡ್ಡ ಬಂತು. ಹಾಗಾಗಿ ನಂದು ಇದ್ದಿಲ ಒಲೆಯಲ್ಲಿ ಕಾಯಿಸುವ ತಾಮ್ರದ ಮೂತಿಯ ಕಡ್ಡಿ. ಕೆಂಪಾಗುವ ಮೊದಲು ತೆಗೆಯಬೇಕು, ರಾಳಕ್ಕೆ ಮುಟ್ಟಿಸಬೇಕು, ಸೀಸ ಕರಗಿ ನೀರಿನ ಹಾಗೆ ಹರಿದ ಕ್ಷಣ ಕೈ ಹಿಂದಕ್ಕೆ. "ಬೆಸುಗೆ ಹೊಳೀಬೇಕು. ಮಂಕಾಗಿದ್ರೆ ಸುಳ್ಳು ಬೆಸುಗೆ, ಜಾತ್ರಿ ದಿನಾನೇ ಕೈ ಕೊಡ್ತೈತಿ" ಅನ್ನುತ್ತಿದ್ದರು ಮಾಮ. ರಾಳದ ಆ ಹೊಗೆಯ ವಾಸನೆ ಈಗಲೂ ಎಲ್ಲಾದರೂ ಬಂದರೆ ನನಗೆ ಹದಿನೈದು ವರ್ಷ.

ಅಲ್ಲಿ ಕಟ್ಟಿದ್ದೇ ಮೂರು ಟ್ರಾನ್ಸಿಸ್ಟರಿನ ರೇಡಿಯೋ. ಒಂದು ಜೊತೆ ಎಸಿ ೧೨೭, ಎಸಿ ೧೨೮, ಮಾಮನ ಹಳೇ ಡಬ್ಬದಲ್ಲಿದ್ದವು. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಅಂಥ ಟ್ರಾನ್ಸಿಸ್ಟರುಗಳನ್ನು ತಯಾರಿಸುತ್ತಿದ್ದ ಕಾಲ ಅದು. ತೋಟಕ್ಕೆ ತಂತಿ ಎಳೆಯುವ ಬದಲು ಒಳಗೇ ಒಂದು ಗೇಣುದ್ದದ ಫೆರೈಟ್ ಕಡ್ಡಿ, ಅದರ ಮೇಲೆ ಸುರುಳಿ. ಹಲಗೆಯ ಮೇಲೆ ಚೆನ್ನಾಗಿ ಹಾಡುತ್ತಿತ್ತು. ಅಂದ ಕಾಣಲಿ ಅಂತ ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ ಕೂರಿಸಿ ಮುಚ್ಚಳ ಹಾಕಿದೆ, ಸದ್ದೇ ನಿಂತಿತು. ಮುಚ್ಚಳ ತೆಗೆದರೆ ಹಾಡು, ಹಾಕಿದರೆ ಮೌನ. ಲೋಹದ ಗೂಡಿನೊಳಕ್ಕೆ ಅಲೆ ನುಸುಳದು. ಹೊರಗಿನ ವಿದ್ಯುತ್ತು ಅಂಥ ಗೂಡಿನ ಒಳಗೆ ತಟ್ಟದು ಅಂತ ಫ್ಯಾರಡೆ ದೊಡ್ಡ ಗೂಡು ಕಟ್ಟಿಸಿ ತೋರಿಸಿದ್ದು ಕೂಡ ಡೇನಿಯಲ್ ಕೋಶದ ಆ ೧೮೩೬ರಲ್ಲೇ, ಅದೇ ಲಂಡನ್ನಿನಲ್ಲಿ. ಕೈಯಲ್ಲಿ ಮುಚ್ಚಳ ಹಿಡಿದು ಅದನ್ನು ಕಂಡುಕೊಂಡವನಿಗೆ ಆ ಪಾಠ ಮರೆಯುವುದಿಲ್ಲ. ಬಡಗಿಯವರ ಹತ್ತಿರ ಹಲಗೆಯ ಪೆಟ್ಟಿಗೆ ಮಾಡಿಸಿಕೊಂಡೆ. ಅದೇ ಪೆಟ್ಟಿಗೆ ಜಗಳೂರಿಗೆ ಬಂತು.

ಜಗಳೂರು ಅಂದರೆ ಆಕಾಶ. ತೋಟದ ನೆರಳು, ಹೊಳೆಯ ತಂಪು ನೋಡಿ ಬಂದವನಿಗೆ ಅಷ್ಟು ದೊಡ್ಡ ಆಕಾಶ ಮೊದಮೊದಲು ಹೆದರಿಕೆ ತಂದಿತು. ಕಲ್ಲುಗುಡ್ಡ, ಕುರುಚಲು ಕಾಡು, ಶೇಂಗಾ ಜೋಳದ ಖುಷ್ಕಿ ಹೊಲಗಳು. ಕೊಂಡುಕುರಿ ಈಗಲೂ ಉಳಿದಿರುವ ರಂಗಯ್ಯನದುರ್ಗದ ಕಾಡು ಈ ತಾಲ್ಲೂಕಿನದೇ. ನಾವು ಹೋದದ್ದು ೧೯೮೫ರಲ್ಲಿ, ಬರದ ನಡುವೆ. ಕೊಡಗಳ ಸಾಲು ಬೋರಿನ ಹತ್ತಿರ ಬೆಳಗಿನ ಜಾವವೇ ಶುರುವಾಗುತ್ತಿತ್ತು.

ಭದ್ರಾವತಿ ಅಲ್ಲಿಂದ ನೇರ ಗೆರೆ ಎಳೆದರೂ ನೂರು ಕಿಲೋಮೀಟರು. ಹಗಲಲ್ಲಿ ನನ್ನ ಪೆಟ್ಟಿಗೆಗೆ ಅದು ಪಿಸುಮಾತು. ಕತ್ತಲಾದ ಮೇಲೆ ಧಾರವಾಡ, ಬೆಂಗಳೂರು, ಎಲ್ಲೆಲ್ಲಿಯದೋ ಗೊತ್ತಿಲ್ಲದ ಭಾಷೆಗಳು ಏರಿ ಬರುತ್ತಿದ್ದವು. ಹಗಲು ಬಿಸಿಲಿಗೆ ಮೇಲಿನ ಗಾಳಿಯಲ್ಲಿ ಅಲೆ ನುಂಗುವ ಒಂದು ಪದರ ಹುಟ್ಟುತ್ತದೆ, ರಾತ್ರಿ ಅದು ಕರಗುತ್ತದೆ, ಆಗ ದೂರದವು ಇನ್ನೂ ಮೇಲಿನ ಪದರಕ್ಕೆ ತಾಗಿ ಮರಳಿ ಬರುತ್ತವೆ. ಇದನ್ನು ಓದಿದ್ದು ಗ್ರಂಥಾಲಯದಲ್ಲಿ. 'ಬಾಲವಿಜ್ಞಾನ' ಮಾಸಪತ್ರಿಕೆ ಕೈಗೆ ಸಿಕ್ಕಿದ್ದೂ ಅಲ್ಲೇ. ಅದರ ಸಂಪಾದಕರಾಗಿದ್ದ ಜೆ.ಆರ್. ಲಕ್ಷ್ಮಣರಾಯರು, 'ಪರಮಾಣು ಚರಿತ್ರೆ' ಬರೆದವರು, ೧೯೨೧ರಲ್ಲಿ ಹುಟ್ಟಿದ್ದು ಇದೇ ಜಗಳೂರಿನಲ್ಲಿ ಅಂತ ತಿಳಿದಾಗ ಆದ ಹಿಗ್ಗು ಹೇಳತೀರದು. ಪರಮಾಣುವಿನ ಒಳಗನ್ನು ಕನ್ನಡದಲ್ಲಿ ತೆರೆದು ತೋರಿಸಿದವರು ಈ ದೂಳಿನ ಬೀದಿಯಲ್ಲಿ ಮೊದಲ ಹೆಜ್ಜೆ ಇಟ್ಟವರು! ಆ ಮೇಲೆ ಆ ಬೀದಿಯಲ್ಲಿ ನಾನು ನಡೆದದ್ದೇ ಬೇರೆ ರೀತಿ.

ಸ್ಟೇಷನ್ನು ಹುಡುಕುವಾಗ ಎರಡು ಸ್ಟೇಷನ್ನಿನ ನಡುವೆ ಖಾಲಿ ಜಾಗ ಬರುತ್ತದಲ್ಲ, ಅಲ್ಲಿ ಯಾರೂ ನಿಲ್ಲುವುದಿಲ್ಲ. ಏಪ್ರಿಲ್ಲಿನ ಒಂದು ಸಂಜೆ ನಾನು ನಿಂತೆ. ಚಟ್, ಚಟಪಟ, ಚಟ್. ಮೇಲೆ ಒಂದು ಮೋಡವಿಲ್ಲ. ಸಿಡಿಲು ಪ್ರತಿ ಸಲವೂ ತಾನೇ ಒಂದು ರೇಡಿಯೋ ಸ್ಟೇಷನ್ನು, ಅದರ ಸದ್ದು ನೂರಾರು ಕಿಲೋಮೀಟರು ಮುಟ್ಟುತ್ತದೆ ಅಂತ ಓದಿದ್ದೆ. ರಷ್ಯದ ಪೊಪೋವ್ ೧೮೯೫ರಲ್ಲಿ ಮಾಡಿ ತೋರಿಸಿದ ಗ್ರಾಹಕ ಹಾಡು ಕೇಳಲಿಕ್ಕಲ್ಲ, ಸಿಡಿಲು ಹಿಡಿಯಲಿಕ್ಕೆ. ಹಾಗಾದರೆ ಎಲ್ಲೋ ಮಳೆಯಾಗುತ್ತಿದೆ. ಪೆಟ್ಟಿಗೆಯನ್ನು ತೊಡೆಯ ಮೇಲೆ ತಿರುಗಿಸಿದೆ. ಒಂದು ಕಡೆಗೆ ಬಂದಾಗ ಚಟಪಟ ಕುಗ್ಗಿತು. ಫೆರೈಟ್ ಕಡ್ಡಿಯ ತುದಿ ಅಲೆ ಬರುವ ದಿಕ್ಕಿಗೆ ಮುಖ ಮಾಡಿದರೆ ಅದು ಕಿವುಡಾಗುತ್ತದೆ. ಅಂದರೆ ಸದ್ದು ಎಲ್ಲಿ ಸತ್ತಿತೋ ಆ ಗೆರೆಯ ಮೇಲೇ ಸಿಡಿಲು, ಈ ತುದಿಗಾಗಲಿ ಆ ತುದಿಗಾಗಲಿ.

ಪಕ್ಕದ ಮನೆಯ ಅಜ್ಜ ಕಟ್ಟೆಯ ಮೇಲೆ ಕೂತು ಇದನ್ನು ನೋಡುತ್ತಿದ್ದ. ನಾಲ್ಕೆಕರೆ ಖುಷ್ಕಿ, ಎರಡು ವರ್ಷ ಬಿತ್ತಿದ್ದೂ ಮಣ್ಣುಪಾಲಾಗಿತ್ತು. "ಏನಪಾ ಅದು, ಹುರಿದಂಗೆ ಸಪ್ಪಳ?" ಅಂದ. ಹೇಳಿದೆ. ನಗಲಿಲ್ಲ. ಎದ್ದು ಬಂದು ಪೆಟ್ಟಿಗೆಯ ಹತ್ತಿರ ಕಿವಿ ತಂದ. ಆಮೇಲೆ ದಿನಾ ಸಂಜೆ ಅವನದು ಒಂದೇ ಪ್ರಶ್ನೆ: "ಮಳಿ ಐತೇನಪಾ ನಿನ್ನ ಪೆಟಿಗಿಯಾಗೆ?" ಅವನು ಮಳೆಯನ್ನು ನಕ್ಷತ್ರದಿಂದ ಎಣಿಸುತ್ತಿದ್ದ, ಭರಣಿ, ಕೃತ್ತಿಕೆ, ರೋಹಿಣಿ. ನಾನು ನಿಮಿಷಕ್ಕೆ ಎಷ್ಟು ಚಟಪಟ ಅಂತ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಕಟ್ಟೆಯ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ದಿಕ್ಕಿನ ಗೆರೆ. ಬರುಬರುತ್ತ ಆ ಗೆರೆ ನೋಡಲು ಓಣಿಯ ನಾಲ್ಕಾರು ಜನ ಬರತೊಡಗಿದರು. ಮಳೆ ಬರುತ್ತದೆ ಅಂತ ನಾನು ಒಂದು ದಿನವೂ ಹೇಳಲಿಲ್ಲ. ಎಲ್ಲೋ ಸಿಡಿಲಿದೆ, ಈ ಗೆರೆಯ ಮೇಲಿದೆ, ಅಷ್ಟೇ. ಅಜ್ಜನಿಗೆ ಅಷ್ಟು ಸಾಕಾಗಿತ್ತು. "ಎಲ್ಲೋ ಬೀಳಾಕತ್ತೈತಿ ಅಂದ್ರ ಮೋಡಕ್ಕ ಇನ್ನೂ ಮರ್ತಿಲ್ಲ" ಅನ್ನುತ್ತಿದ್ದ.

ಒಂದೇ ಗೆರೆಯಿಂದ ದೂರ ತಿಳಿಯದು. ಎರಡು ಗೆರೆ ಬೇಕು. ಹೊನ್ನಾಳಿಯ ಗೆಳೆಯನಿಗೆ ಹದಿನೈದು ಪೈಸೆಯ ಕಾರ್ಡು ಬರೆದೆ. ಅವನೂ ಒಂದು ಪೆಟ್ಟಿಗೆ ಕಟ್ಟಿದ. ಶುಕ್ರವಾರ ಮತ್ತು ಭಾನುವಾರ ರಾತ್ರಿ ಎಂಟಕ್ಕೆ, ರೇಡಿಯೋ ವಾರ್ತೆಗೆ ಗಡಿಯಾರ ಸರಿ ಮಾಡಿಕೊಂಡು, ಅವನು ಅಲ್ಲಿ, ನಾನು ಇಲ್ಲಿ. ಗೆರೆಯ ಕೋನ ಕಾರ್ಡಿನಲ್ಲಿ ಬರುತ್ತಿತ್ತು, ಮೂರು ನಾಲ್ಕು ದಿನದ ಮೇಲೆ. ಶಾಲೆಯ ನಕಾಶೆಯ ಮೇಲೆ ಎರಡು ದಾರ ಎಳೆದು ನೋಡುವುದು. ಒಂಬತ್ತು ರಾತ್ರಿಗಳಲ್ಲಿ ಏಳು ಸಲ ಸುತ್ತಲೂ ಸಿಡಿಲಿದ್ದು ಗೆರೆಯೇ ಕಲಸಿಹೋಯಿತು. ಎರಡು ಸಲ ಮಾತ್ರ ಚೊಕ್ಕವಾಗಿ ಕೂಡಿದವು. ಅದರಲ್ಲೊಂದು ರಾಣೆಬೆನ್ನೂರಿನ ಹತ್ತಿರ. ನನ್ನ ಗೆರೆ ಪಶ್ಚಿಮಕ್ಕೆ, ಅವನದು ಬಡಗಣಕ್ಕೆ. ಆ ರಾತ್ರಿ ಅಲ್ಲಿ ಆಲಿಕಲ್ಲು ಬಿದ್ದಿತ್ತಂತೆ, ಬಸ್ಸಿನವರು ಹೇಳಿದರು ಅಂತ ಗೆಳೆಯ ಮುಂದಿನ ಕಾರ್ಡಿನಲ್ಲಿ ಬರೆದಿದ್ದ. ಓಣಿಯಗಲದ ತಂತಿ ಬಿಚ್ಚಿ ಅತ್ತ ಇಬ್ಬರು, ತಂತಿಯೇ ಇಲ್ಲದೆ ಎಪ್ಪತ್ತು ಎಂಬತ್ತು ಕಿಲೋಮೀಟರು ಆಚೀಚೆ ನಿಂತು ಒಂದೇ ಸಿಡಿಲಿಗೆ ಬೆರಳು ತೋರಿಸಿದ್ದೆವು. ಬ್ರಿಟನ್ನಿನ ವಾಟ್ಸನ್ ವಾಟ್ ೧೯೨೦ರ ದಶಕದಲ್ಲಿ ಹೀಗೇ ಸಿಡಿಲಿನ ದಿಕ್ಕು ಹಿಡಿಯಲು ಹೊರಟು ಕಡೆಗೆ ರೇಡಾರಿನವರೆಗೆ ಹೋದವರು. ಅವರ ಹೆಸರು ನಮಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಹುಶಃ ಅವರಿಗೂ ಒಂದು ಕಾರ್ಡು ಹಾಕುತ್ತಿದ್ದೆವು.

ಈಗ ತಮ್ಮನ ಮಗಳು ಚನ್ನಗಿರಿಯಲ್ಲಿ, ಅಡಿಕೆ ಬುಡದ ತೇವ ಅಳೆದು ಫೋನಿಗೆ ಸುದ್ದಿ ಕೊಡುವ ಸಾಮಾನು ಮಾಡಿದ್ದಾಳೆ. ಮೊನ್ನೆ ತೋರಿಸಿದಳು. ಎರಡು ಕಡ್ಡಿ ಮಣ್ಣಿನೊಳಗೆ, ಆಮೇಲೆ ಅದೇ ಇರುವೆಯಷ್ಟು ವಿದ್ಯುತ್ತು. ಚಿಪ್ಪು ಹೊಸದು, ಪ್ರಶ್ನೆ ಅವ್ವನ ಬಕೆಟ್ಟಿನದೇ. "ಮೊದಲ್ನೇ ಸಲ ತೇವ ತೋರಿಸಿದಾಗ ನಾನು ಕೂಗ್ಕೊಂಡೆ ದೊಡ್ಡಪ್ಪ" ಅಂದಳು. ಅವಳ ಮುಖ ನೋಡುತ್ತಿದ್ದ ನನಗೆ ಸಾಬರ ಅಂಗಡಿ, ಮಾಮನ ರಾಳದ ಹೊಗೆ, ಎಲ್ಲ ಒಟ್ಟಿಗೆ ಬಂದವು. ಮತ್ತು ಜಗಳೂರಿನ ಆ ರಾತ್ರಿ.

೧೯೮೬ರ ಮೇ ಕೊನೆ. ರೋಹಿಣಿ ಹುಟ್ಟಿ ನಾಲ್ಕನೇ ದಿನ ಅಂತ ಅಜ್ಜನ ಲೆಕ್ಕ. ಸಂಜೆ ಏಳಕ್ಕೆ ನಿಮಿಷಕ್ಕೆ ಇಪ್ಪತ್ತು. ಎಂಟಕ್ಕೆ ಎಣಿಸಲಾಗದಷ್ಟು. ಗೆರೆ ನೈರುತ್ಯಕ್ಕೆ ನಿಂತಿತ್ತು, ಅಲುಗಲಿಲ್ಲ. ಒಂಬತ್ತಕ್ಕೆ ಕರೆಂಟು ಹೋಯಿತು, ಅಪ್ಪ ಟಾರ್ಚು ಹಿಡಿದು ಹೊರಟ. ಕತ್ತಲಲ್ಲಿ ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ, ನಡುವೆ ಹುರಿದಂತೆ ಸದ್ದು ಮಾಡುವ ಹಲಗೆಯ ಪೆಟ್ಟಿಗೆ. ಯಾರೂ ಮಾತಾಡುತ್ತಿರಲಿಲ್ಲ. ಗುಡ್ಡದ ಆಚೆ ಒಮ್ಮೆ ಬೆಳಕು ಸುಳಿಯಿತು, ಅದೇ ಗಳಿಗೆಗೆ ಪೆಟ್ಟಿಗೆಯಲ್ಲಿ ಛಟ್. ನಾನು ಮನಸ್ಸಿನಲ್ಲಿ ಎಣಿಸಿದೆ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರು. ಮೂವತ್ತು, ನಲವತ್ತು, ನಲವತ್ತೈದು. ಆಗ ನೆಲ ಸಣ್ಣಗೆ ಗುಡುಗಿತು.

ಅಜ್ಜ ಕತ್ತಲಲ್ಲಿ ಕೈ ಚಾಚಿ ನನ್ನ ಮೊಣಕಾಲು ಮುಟ್ಟಿದ. "ಆರಿಸು ಮಗಾ" ಅಂದ. "ಇನ್ನ ಅದು ಬ್ಯಾಡ. ಕಿವಿಗೇ ಕೇಳಾಕತ್ತೈತಿ."

ಸ್ವಿಚ್ಚು ತಿರುಗಿಸಿದೆ.